ಕನಸಿನ ಹಿಂದೆ ಹೋದ ಕುರಿಗಾಹಿ: ‘ದಿ ಆಲ್ಕೆಮಿಸ್ಟ್’ ಕಾದಂಬರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ತಿಂಗಳಿಗೊಂದು ಭಾನುವಾರ ಸೇರುವ ನಮ್ಮ ಓದುಗರ ಬಳಗಕ್ಕೆ ಹೊಸಬರು ಬಂದಾಗಲೆಲ್ಲ, ಪಠ್ಯದ ಹೊರಗೆ ತಾವಾಗಿಯೇ ಓದಿ ಮುಗಿಸಿದ ಮೊದಲ ಇಂಗ್ಲಿಷ್ ಕಾದಂಬರಿ ಯಾವುದು ಎಂದು ಕೇಳುವ ರೂಢಿಯಿದೆ. ಹತ್ತರಲ್ಲಿ ಐದಾರು ಮಂದಿ ಹೇಳುವ ಹೆಸರು ‘ದಿ ಆಲ್ಕೆಮಿಸ್ಟ್’. ಅದರ ಬೆನ್ನಿಗೇ ಬರುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ ಆಗಿರುವುದರಿಂದ, ಇಷ್ಟು ವರ್ಷ ಬಾಯಿಮಾತಿನಲ್ಲಿ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಭಿಪ್ರಾಯಗಳು ನನ್ನವು, ಬಳಗದಲ್ಲಿ ಇವನ್ನು ಒಪ್ಪದವರೂ ಇದ್ದಾರೆ.

ಪುಸ್ತಕ ಓದಿಲ್ಲದವರಿಗೆ ಕಥೆಯನ್ನು ಚುಟುಕಾಗಿ ಹೇಳಬಹುದೇ?

ಹೇಳಬಹುದು, ಆದರೆ ಕೊನೆಯನ್ನೂ ಹೇಳಬೇಕಾಗುತ್ತದೆ. ಮುಂದಿನ ಪ್ರಶ್ನೆಗಳೆಲ್ಲ ಆ ಕೊನೆಯ ಮೇಲೆಯೇ ನಿಂತಿವೆ.

ಸ್ಪೇನಿನ ಆಂಡಲೂಸಿಯಾ ಪ್ರಾಂತದಲ್ಲಿ ಸಾಂಟಿಯಾಗೊ ಎಂಬ ಹುಡುಗ ಕುರಿ ಕಾಯುತ್ತಿರುತ್ತಾನೆ. ಪಾಳುಬಿದ್ದ ಒಂದು ಚರ್ಚಿನಲ್ಲಿ ಮಲಗಿದ್ದಾಗ, ಈಜಿಪ್ಟಿನ ಪಿರಮಿಡ್ಡುಗಳ ಬಳಿ ನಿಧಿಯಿದೆ ಎಂಬ ಕನಸು ಅವನಿಗೆ ಎರಡನೆಯ ಸಲ ಬೀಳುತ್ತದೆ. ಬೈಬಲಿನಲ್ಲಿ ಬರುವ ಸೇಲಂನ ರಾಜನೆಂದು ಹೇಳಿಕೊಳ್ಳುವ ಒಬ್ಬ ಮುದುಕನ ಮಾತು ಕೇಳಿ ಅವನು ಕುರಿಗಳನ್ನು ಮಾರಿ ಸಮುದ್ರ ದಾಟುತ್ತಾನೆ. ಟ್ಯಾಂಜಿಯರ್‌ನಲ್ಲಿ ಕಾಲಿಟ್ಟ ದಿನವೇ ಇದ್ದ ಹಣವನ್ನೆಲ್ಲ ಕಳೆದುಕೊಳ್ಳುತ್ತಾನೆ. ಸ್ಫಟಿಕದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಸುಮಾರು ಒಂದು ವರ್ಷ ದುಡಿದು, ಒಂಟೆಗಳ ಸಾರ್ಥದೊಂದಿಗೆ ಮರುಭೂಮಿ ದಾಟುತ್ತಾನೆ. ಅಲ್‌ ಫಯೂಮಿನ ಓಯಸಿಸ್‌ನಲ್ಲಿ ಫಾತಿಮಾ ಎಂಬ ಹುಡುಗಿಯನ್ನು ಪ್ರೀತಿಸುತ್ತಾನೆ, ಶೀರ್ಷಿಕೆಯ ‘ಆಲ್ಕೆಮಿಸ್ಟ್’ ಆದ ರಸವಾದಿಯೊಬ್ಬನನ್ನು ಭೇಟಿಯಾಗುತ್ತಾನೆ. ಕೊನೆಗೆ ಪಿರಮಿಡ್ಡಿನ ಬಳಿ ಅಗೆಯುತ್ತಿದ್ದಾಗ ಕೆಲವರು ಬಂದು ಅವನನ್ನು ಹೊಡೆದು ಇದ್ದದ್ದನ್ನೂ ಕಿತ್ತುಕೊಳ್ಳುತ್ತಾರೆ. ಹೊಡೆದವರ ಮುಖಂಡ ಹೋಗುವಾಗ ಗೇಲಿ ಮಾಡುತ್ತಾನೆ: ತನಗೂ ಇಂಥದ್ದೇ ಕನಸು ಬಿದ್ದಿತ್ತು, ಸ್ಪೇನಿನ ಪಾಳು ಚರ್ಚೊಂದರಲ್ಲಿ ಬೆಳೆದ ಮರದ ಬುಡದಲ್ಲಿ ನಿಧಿ ಇದೆ ಎಂದು, ಆದರೆ ಅದನ್ನು ನಂಬಿ ಮರುಭೂಮಿ ದಾಟುವಷ್ಟು ದಡ್ಡ ತಾನಲ್ಲ. ಹುಡುಗ ಊರಿಗೆ ಮರಳಿ, ತಾನು ಮೊದಲು ಮಲಗಿದ್ದ ಜಾಗವನ್ನೇ ಅಗೆಯುತ್ತಾನೆ.

ಇದನ್ನು ಬರೆದವರು ಯಾರು? ಬಂದ ಕೂಡಲೇ ಹೆಸರು ಮಾಡಿತೇ?

ಬ್ರೆಜಿಲಿನ ಪಾಲೊ ಕೊಯೆಲೊ. ಹುಟ್ಟಿದ್ದು 1947ರಲ್ಲಿ, ರಿಯೊ ಡಿ ಜನೈರೊ ನಗರದಲ್ಲಿ. ಬರಹಗಾರನಾಗುತ್ತೇನೆ ಎಂದ ಹುಡುಗನನ್ನು ತಂದೆತಾಯಿಯೇ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ಮುಂದೆ ಅವರು ಜನಪ್ರಿಯ ಗಾಯಕರಿಗೆ ಹಾಡು ಬರೆದರು, ಬ್ರೆಜಿಲಿನ ಸೇನಾಡಳಿತದ ಕಾಲದಲ್ಲಿ ಬಂಧನವನ್ನೂ ಕಂಡರು. 1986ರಲ್ಲಿ ಸ್ಪೇನಿನ ಸಾಂಟಿಯಾಗೊ ಡಿ ಕೊಂಪೊಸ್ತೆಲಾಗೆ ಹೋಗುವ ಪುರಾತನ ಯಾತ್ರಾಮಾರ್ಗವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿದ ಮೇಲೆ ಅವರ ಬರವಣಿಗೆ ಗಂಭೀರವಾಗಿ ಶುರುವಾಯಿತು. ಕಥಾನಾಯಕನ ಹೆಸರೂ ಆ ಊರಿನದೇ ಎಂಬುದನ್ನು ಗಮನಿಸಿ.

ಕಾದಂಬರಿ ಪೋರ್ಚುಗೀಸ್ ಭಾಷೆಯಲ್ಲಿ 1988ರಲ್ಲಿ ಹೊರಬಂತು. ಮೊದಲು ಅಚ್ಚು ಹಾಕಿದ ಸಣ್ಣ ಪ್ರಕಾಶನ ಸಂಸ್ಥೆ ಸುಮಾರು 900 ಪ್ರತಿಗಳಷ್ಟೇ ಖರ್ಚಾದದ್ದನ್ನು ನೋಡಿ ಮರುಮುದ್ರಣ ಬೇಡವೆಂದು ಕೈಬಿಟ್ಟಿತು. ಬೇರೆ ಪ್ರಕಾಶಕರ ಕೈಗೆ ಹೋದ ಮೇಲೆ ನಿಧಾನವಾಗಿ ಓದುಗರು ಕೂಡಿಕೊಂಡರು. 1993ರಲ್ಲಿ ಅಲನ್ ಕ್ಲಾರ್ಕ್ ಅವರ ಇಂಗ್ಲಿಷ್ ಅನುವಾದ ಬಂದ ನಂತರ ಅದು ಜಗತ್ತನ್ನು ಸುತ್ತಿತು. ಈಗ 80ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ನಾನು ಹದಿನೆಂಟರ ಹುಡುಗರಿಗೆ ತಪ್ಪದೆ ನೆನಪಿಸುವ ಮಾತೊಂದಿದೆ: ಅವರು ತಮ್ಮ ವಯಸ್ಸಿನ ಪುಸ್ತಕವೆಂದು ಎದೆಗೊತ್ತಿಕೊಳ್ಳುವ ಇದನ್ನು ಬರೆದಾಗ ಲೇಖಕರಿಗೆ ನಲವತ್ತು ವರ್ಷ.

ಇದು ಲೇಖಕರ ಸ್ವಂತ ಕಲ್ಪನೆಯ ಕಥೆಯೇ?

ಕುರಿಗಾಹಿ, ಸ್ಫಟಿಕದಂಗಡಿ, ಮರುಭೂಮಿಯ ಸಂಭಾಷಣೆಗಳು ಅವರವೇ. ಕಥೆಯ ಎಲುಬು ಮಾತ್ರ ಬಹಳ ಹಳೆಯದು, ಮತ್ತು ನನ್ನ ಲೆಕ್ಕದಲ್ಲಿ ಪುಸ್ತಕದ ಆಯುಸ್ಸಿನ ಗುಟ್ಟು ಅರ್ಧಕ್ಕರ್ಧ ಅಲ್ಲಿಯೇ ಇದೆ.

‘ಸಾವಿರದೊಂದು ರಾತ್ರಿ’ಗಳಲ್ಲಿ, ಆಸ್ತಿ ಕಳೆದುಕೊಂಡ ಬಾಗ್ದಾದಿನ ಒಬ್ಬನಿಗೆ ಕೈರೋ ನಗರಕ್ಕೆ ಹೋದರೆ ಭಾಗ್ಯ ಸಿಗುತ್ತದೆ ಎಂಬ ಕನಸು ಬೀಳುತ್ತದೆ. ಅವನು ಅಲ್ಲಿಗೆ ಹೋದರೆ ಕಳ್ಳನೆಂದು ಹಿಡಿದು ಚೆನ್ನಾಗಿ ಥಳಿಸುತ್ತಾರೆ. ವಿಚಾರಣೆ ಮಾಡಿದ ಅಧಿಕಾರಿ ನಕ್ಕು, ತನಗೆ ಮೂರು ಸಲ ಬಾಗ್ದಾದಿನ ಇಂಥ ಮನೆಯ ಅಂಗಳದಲ್ಲಿ ಹಣ ಹೂತಿದೆ ಎಂಬ ಕನಸು ಬಿದ್ದರೂ ತಾನು ಹೊರಡಲಿಲ್ಲ ಎನ್ನುತ್ತಾನೆ. ಅವನು ವರ್ಣಿಸಿದ್ದು ಈ ಬಡಪಾಯಿಯ ಮನೆಯನ್ನೇ! ಹದಿಮೂರನೆಯ ಶತಮಾನದ ಸೂಫಿ ಕವಿ ರೂಮಿ ತಮ್ಮ ‘ಮಸ್ನವಿ’ಯಲ್ಲಿ ಇದೇ ಕಥೆಯನ್ನು ಹೇಳಿದ್ದಾರೆ. ಇಂಗ್ಲೆಂಡಿನ ಸ್ವಾಫಮ್ ಎಂಬ ಊರಿನ ಐತಿಹ್ಯದಲ್ಲಿ ತಲೆಹೊರೆ ವ್ಯಾಪಾರಿಯೊಬ್ಬ ಲಂಡನ್ ಸೇತುವೆಯವರೆಗೆ ನಡೆದುಹೋಗಿ ತನ್ನ ಹಿತ್ತಲಿನ ನಿಧಿಯ ಸುದ್ದಿ ತರುತ್ತಾನೆ. ಯೆಹೂದಿಗಳ ಹಸೀದೀ ಪಂಥದ ಕಥೆಯಲ್ಲಿ ಊರುಗಳು ಕ್ರಾಕೋ ಮತ್ತು ಪ್ರಾಗ್ ಆಗುತ್ತವೆ, ನಿಧಿ ಒಲೆಯಡಿಯಲ್ಲಿರುತ್ತದೆ. ಅರ್ಜೆಂಟೀನಾದ ಲೇಖಕ ಬೋರ್ಹೆಸ್ 1935ರ ತಮ್ಮ ಸಂಕಲನದಲ್ಲಿ ಊರುಗಳನ್ನು ಬದಲಿಸಿ ಇದೇ ಕಥೆಯನ್ನು ಮತ್ತೆ ಹೇಳಿದರು.

ಎಲ್ಲ ರೂಪಗಳಲ್ಲೂ ಎರಡು ಕನಸುಗಳಿವೆ, ಇಬ್ಬರು ಕನಸುಗಾರರಿದ್ದಾರೆ. ಇಬ್ಬರಿಗೂ ಸಿಕ್ಕ ಸುದ್ದಿಯ ತೂಕ ಒಂದೇ. ಹಾಗೆ ನೋಡಿದರೆ ಎರಡನೆಯವನ ಕನಸೇ ಹೆಚ್ಚು ನಿಖರವಾದದ್ದು, ಅದರಲ್ಲಿ ಜಾಗದ ಗುರುತೂ ಇತ್ತು. ಅವನು ಎದ್ದು ಹೊರಡಲಿಲ್ಲ, ಅಷ್ಟೇ. ಹಳ್ಳಿಯ ಜಗಲಿಯ ಮೇಲೆ ಕುಳಿತು ಹೇಳಿದರೂ ನಿಲ್ಲುವ ಕಥೆಯಿದು. ಅಜ್ಜಿಯ ಬಾಯಲ್ಲಿ ಕೇಳಿದ್ದೇನೋ ಎಂಬ ಭಾವನೆ ಓದುವಾಗ ಬಂದರೆ ಅದು ನಿಮ್ಮ ಭ್ರಮೆಯಲ್ಲ.

ಇಷ್ಟು ಸರಳವಾದ ಪುಸ್ತಕ ಇಷ್ಟು ವರ್ಷ ಉಳಿದದ್ದು ಹೇಗೆ?

ಮೇಲೆ ಹೇಳಿದ ಎಲುಬಿನ ಜೊತೆಗೆ ಇನ್ನೊಂದು ಕಾರಣವನ್ನು ನಾನು ಒಂದು ಪ್ರತಿಯ ಅಂಚಿನಲ್ಲಿ ಕಂಡೆ.

ನಮ್ಮ ಬಳಗದ ಕಪಾಟಿನಲ್ಲಿರುವ ಇಂಗ್ಲಿಷ್ ಪ್ರತಿ ಎಷ್ಟೋ ಕೈಗಳನ್ನು ದಾಟಿ ಬಂದಿದೆ. ಮೊದಲ ಐವತ್ತು ಪುಟಗಳಲ್ಲಿ ಮುದುಕ ರಾಜನ ಉಪದೇಶಗಳ ಕೆಳಗೆ ನೀಲಿ ಶಾಯಿ, ಕೆಂಪು ಶಾಯಿ, ಪೆನ್ಸಿಲು ಎಲ್ಲದರ ಗೆರೆಗಳೂ ಇವೆ. ಒಂದೆರಡು ಕಡೆ ಒಂದೇ ಸಾಲಿಗೆ ಮೂವರು ಗೆರೆ ಎಳೆದಿದ್ದಾರೆ. ಅಂಗಡಿಯ ಭಾಗಕ್ಕೆ ಬಂದರೆ ಪುಟಗಳು ಬಹುತೇಕ ಶುಭ್ರ. ಆದರೆ ಅಂಗಡಿಯ ಯಜಮಾನ ತನ್ನ ಮೆಕ್ಕಾ ಯಾತ್ರೆಯ ಆಸೆಯನ್ನು ಹೇಳಿಕೊಳ್ಳುವ ಪುಟದ ಅಂಚಿನಲ್ಲಿ ಯಾರೋ ಬಾಲ್‌ಪೆನ್ನಿನಿಂದ ಕನ್ನಡದಲ್ಲಿ ‘ಅಪ್ಪ’ ಎಂದು ಎರಡೇ ಅಕ್ಷರ ಬರೆದಿಟ್ಟಿದ್ದಾರೆ.

ಆ ಯಜಮಾನ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಬೆಟ್ಟದ ಮೇಲಿನ ಅಂಗಡಿಗೆ ಮೂವತ್ತು ವರ್ಷಗಳಿಂದ ಅಂಟಿಕೊಂಡಿದ್ದಾನೆ. ಕೊಳ್ಳುವವರು ಕಡಿಮೆಯಾದರೂ ಬೇರೆ ಕಸುಬು ಗೊತ್ತಿಲ್ಲ. ಹುಡುಗ ದೂಳು ಒರೆಸಿ, ಬೀದಿಗೆ ಕಾಣುವಂತೆ ಸಾಮಾನು ಜೋಡಿಸಿ, ಬೆಟ್ಟ ಹತ್ತಿ ದಣಿದವರಿಗೆ ಸ್ಫಟಿಕದ ಲೋಟದಲ್ಲಿ ಚಹಾ ಮಾರೋಣ ಎಂದಾಗ ಯಜಮಾನನಿಗೆ ಲಾಭಕ್ಕಿಂತ ಮೊದಲು ಭಯವಾಗುತ್ತದೆ. ಮೆಕ್ಕಾಗೆ ಹೋಗಿಬಿಟ್ಟರೆ ಬದುಕಲು ಇನ್ನೇನು ಉಳಿಯುತ್ತದೆ ಎಂದು ಹೆದರಿ, ಹೋಗದೆ ಇರುವುದನ್ನೇ ಅವನು ಆರಿಸಿಕೊಂಡಿದ್ದಾನೆ. ಹದಿನೆಂಟರಲ್ಲಿ ಓದಿದಾಗ ನಾನು ಈ ಪುಟಗಳನ್ನು ಬೇಗ ಬೇಗ ದಾಟಿದ್ದೆ. ನಲವತ್ತು ದಾಟಿದ ಮೇಲೆ ಓದಿದಾಗ ಇಡೀ ಕಾದಂಬರಿಯಲ್ಲಿ ನನಗೆ ಪರಿಚಯವಿದ್ದ ಮನುಷ್ಯ ಅವನೊಬ್ಬನೇ ಎನ್ನಿಸಿತು.

ಬೆಳಗಿನ ಜಾವ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ನಿಂತುಕೊಂಡೇ ಈ ಪುಸ್ತಕ ಓದುವ ಹುಡುಗಿಯ ಪಕ್ಕದಲ್ಲಿ, ಇಪ್ಪತ್ತು ವರ್ಷಗಳಿಂದ ಅದೇ ರೈಲಿಗೆ ಪಾಸು ತೆಗೆಸುತ್ತಿರುವ ಗುಮಾಸ್ತರೂ ನಿಂತಿರುತ್ತಾರೆ. ಪುಸ್ತಕ ಇಬ್ಬರಿಗೂ ದಕ್ಕುತ್ತದೆ, ಬೇರೆ ಬೇರೆ ಪುಟಗಳಲ್ಲಿ. ಒಮ್ಮೆ ಓದಿ ಮುಗಿಸಿದವರು ಇಪ್ಪತ್ತು ವರ್ಷ ಬಿಟ್ಟು ಮತ್ತೆ ತೆಗೆಯುವುದು ಇದಕ್ಕಾಗಿಯೇ ಎಂದು ನಾನು ಭಾವಿಸಿದ್ದೇನೆ.

ಮನಸಾರೆ ಬಯಸಿದರೆ ಇಡೀ ವಿಶ್ವವೇ ನೆರವಿಗೆ ಬರುತ್ತದೆ ಎಂಬ ಮಾತನ್ನು ನಂಬಬೇಕೇ?

ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವ ಪ್ರಶ್ನೆಯಿದು. ಆ ಮಾತು ಗೋಡೆಪಟಗಳ ಮೇಲೆ, ಕೋಚಿಂಗ್ ತರಗತಿಗಳ ಕರಪತ್ರಗಳಲ್ಲಿ, ಆಟೋಗಳ ಹಿಂಬದಿಯಲ್ಲಿ ಕಥೆಯಿಂದ ಬಿಡಿಸಿಕೊಂಡು ಓಡಾಡುತ್ತಿದೆ. ಬಿಡಿಸಿಕೊಂಡ ಮೇಲೆ ಅದು ಸುಳ್ಳೇ ಸರಿ. ಮನಸಾರೆ ಬಯಸಿ, ಮೈಮುರಿದು ದುಡಿದು, ಸಾವಿರ ಅಡಿಗೂ ಮೀರಿ ಕೊಳವೆಬಾವಿ ಕೊರೆಸಿ, ನೀರಿನ ಬದಲು ದೂಳು ಹಾರಿದ್ದನ್ನು ನೋಡಿದ ರೈತರ ಜಿಲ್ಲೆ ನಮ್ಮದು. ಅಂಥವರ ಮುಂದೆ ನಿಂತು, ನಿಮ್ಮ ಬಯಕೆಯಲ್ಲೇ ಕೊರತೆಯಿತ್ತು ಎಂದು ಯಾರಾದರೂ ಹೇಳಿದರೆ ಅದು ಕ್ರೌರ್ಯ.

ಆದರೆ ಕಥೆಯೊಳಗೆ ವಿಶ್ವ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ನೋಡಬೇಕು. ಆರಂಭದಲ್ಲಿ ಹುಡುಗನಿಗೆ ಒಂದಿಷ್ಟು ಅದೃಷ್ಟ ತೋರಿಸಿ ಹುರಿದುಂಬಿಸುತ್ತದೆ; ಆಮೇಲೆ ಮೂರು ಸಲ ಅವನ ಗಂಟು ಕಳೆಯುತ್ತದೆ. ಟ್ಯಾಂಜಿಯರ್‌ನ ಪೇಟೆಯಲ್ಲಿ ಒಮ್ಮೆ, ಮರುಭೂಮಿಯ ಸೈನಿಕರ ಕೈಯಲ್ಲಿ ಒಮ್ಮೆ, ಪಿರಮಿಡ್ಡಿನ ಬುಡದಲ್ಲಿ ಒಮ್ಮೆ. ಅವನ ಊಟಕ್ಕೆ ದಾರಿಯಾದದ್ದು ಗಾಜು ಒರೆಸಿದ ಕೈಗಳಿಂದ. ಅವನು ಆಫ್ರಿಕಾದಲ್ಲಿ ಕಾಲಿಟ್ಟು ಹನ್ನೊಂದು ತಿಂಗಳು ಒಂಬತ್ತು ದಿನವಾಗಿತ್ತು ಎಂದು ಲೇಖಕರು ಲೆಕ್ಕವಿಟ್ಟೇ ಹೇಳುತ್ತಾರೆ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಹರಕು ಪ್ರತಿ. ಬಸ್ ನಿಲ್ದಾಣದ ಬಳಿ ಪಾದಚಾರಿ ದಾರಿಯ ಮೇಲೆ ಹರಡಿದ್ದ ನಕಲಿ ಪ್ರತಿಗಳಲ್ಲೊಂದನ್ನು ಕೊಂಡಿದ್ದ ಡಿಗ್ರಿ ವಿದ್ಯಾರ್ಥಿಯೊಬ್ಬ ಬಳಗದಲ್ಲಿ ಎದ್ದು ನಿಂತು, ಇಷ್ಟು ಪ್ರಾಮಾಣಿಕವಾದ ಪುಸ್ತಕವನ್ನು ತಾನು ಓದಿಯೇ ಇರಲಿಲ್ಲ ಎಂದ. ಕನಸಿನ ಬೆನ್ನುಹತ್ತಿ ಹೋದವನಿಗೆ ಕೊನೆಗೆ ಏಟು ಬೀಳುತ್ತದೆ, ಅಷ್ಟಕ್ಕೇ ಕಥೆ ನಿಲ್ಲುತ್ತದೆ, ಇದೇ ನಿಜವಾದ ಬದುಕು ಎಂಬುದು ಅವನ ವಾದ. ಉಳಿದವರು ಗೊಂದಲಕ್ಕೆ ಬಿದ್ದು ಪುಸ್ತಕ ಇಸಿದುಕೊಂಡು ನೋಡಿದರೆ, ಹೊಲಿಗೆಯಲ್ಲಿ ಕೊನೆಯ ಹಾಳೆಗಳೇ ಸೇರಿರಲಿಲ್ಲ. ಎಲ್ಲರೂ ನಕ್ಕರು, ಅವನೂ ನಕ್ಕ. ಸರಿಯಾದ ಪ್ರತಿಯನ್ನು ಕೊಟ್ಟು ಕಳುಹಿಸಿದೆವು. ಮುಂದಿನ ತಿಂಗಳು ಬಂದು, ನಿಧಿ ಸಿಗುವ ಕೊನೆಗಿಂತ ತನ್ನ ಪ್ರತಿಯ ಕೊನೆಯೇ ತನಗೆ ಹಿಡಿಸಿತು ಎಂದ. ಅದನ್ನು ಒಪ್ಪಲು ನನಗೆ ಮನಸ್ಸಿಲ್ಲ, ತಳ್ಳಿಹಾಕಲೂ ಆಗಿಲ್ಲ. ನಿಧಿಯಿಲ್ಲದೆಯೂ ಒಬ್ಬ ಓದುಗನಿಗೆ ಪುಸ್ತಕ ಪೂರ್ಣವೆನಿಸಿತು ಎಂದರೆ, ಅದರ ಬಲ ಆ ಗೋಡೆಪಟದ ಮಾತಿನಲ್ಲಿ ಇರಲಾರದು.

ಇಲ್ಲಿ ‘ಕನಸು’ ಎಂದರೆ ನಿದ್ದೆಯ ಕನಸೋ, ಜೀವನದ ಗುರಿಯೋ?

ಎರಡೂ. ಕನ್ನಡದಲ್ಲಿ ಒಂದೇ ಪದ ಎರಡಕ್ಕೂ ಒದಗುವುದರಿಂದ ನಮ್ಮ ಓದುಗರಿಗೆ ಈ ಜಾಣ್ಮೆ ತಕ್ಷಣ ಹಿಡಿಯುತ್ತದೆ. ಸಾಂಟಿಯಾಗೊನಿಗೆ ಮೊದಲು ಬಿದ್ದದ್ದು ನಿದ್ದೆಯ ಕನಸು, ಅದೂ ಶುದ್ಧ ನಿಧಿಯ ಕನಸು. ಅದು ದಾರಿಯಲ್ಲಿ ಬೆಳೆದು ಬದುಕಿನ ಗುರಿಯಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಂಬುವ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ: ಕನಸಿನಲ್ಲಿ ನಿಧಿ ಕಂಡಿತೆಂದು ಪಾಳು ಗುಡಿಗಳ ಗರ್ಭಗುಡಿಯನ್ನು ರಾತ್ರೋರಾತ್ರಿ ಅಗೆದುಹಾಕುವ ನಿಧಿಗಳ್ಳರ ಕಾಟ ನಮ್ಮ ಸೀಮೆಯಲ್ಲಿ ಹೊಸದಲ್ಲ. ಅವರ ಕೈಗೆ ಈ ಪುಸ್ತಕ ಸಿಗದಿರಲಿ.

‘ಮಕ್ತೂಬ್’ ಎಂದರೆ ಹಣೆಬರಹವೇ?

ಅರಬ್ಬಿಯಲ್ಲಿ ಆ ಪದಕ್ಕೆ ‘ಬರೆಯಲ್ಪಟ್ಟದ್ದು’ ಎಂದರ್ಥ. ಆದ್ದರಿಂದ ಪದಕ್ಕೆ ಪದವಿಟ್ಟರೆ ಹಣೆಬರಹಕ್ಕಿಂತ ಹತ್ತಿರದ ಮಾತು ನಮ್ಮಲ್ಲಿಲ್ಲ. ಬಳಕೆಯ ಕಾವು ಬೇರೆ. ನಾವು ಹಣೆಬರಹ ಎನ್ನುವುದು ಬಹುಮಟ್ಟಿಗೆ ಕೆಲಸ ಕೆಟ್ಟ ಮೇಲೆ, ಹಣೆಗೆ ಕೈಯಿಟ್ಟುಕೊಂಡು. ಕಾದಂಬರಿಯಲ್ಲಿ ಅಂಗಡಿಯ ಯಜಮಾನ ಮಕ್ತೂಬ್ ಎನ್ನುವುದು ಹುಡುಗ ಹೊರಡಲು ಸಿದ್ಧನಾದಾಗ, ಹರಸುವ ದನಿಯಲ್ಲಿ. ಇನ್ನು, ಲೇಖಕರು ಪ್ರತಿಯೊಬ್ಬನಿಗೂ ಇರುತ್ತದೆ ಎನ್ನುವ ಸ್ವಂತ ಧ್ಯೇಯವನ್ನು ಕೆಲವರು ಗೀತೆಯ ಸ್ವಧರ್ಮಕ್ಕೆ ಹೋಲಿಸುತ್ತಾರೆ. ಹೋಲಿಕೆ ಸ್ವಲ್ಪ ದೂರ ನಡೆಯುತ್ತದೆ, ಆಮೇಲೆ ಕುಂಟುತ್ತದೆ: ಸ್ವಧರ್ಮದಲ್ಲಿ ಕರ್ತವ್ಯದ ಭಾರವಿದೆ, ಫಲದ ಆಸೆಯನ್ನು ಬಿಡು ಎಂಬ ಎಚ್ಚರವಿದೆ, ಇಲ್ಲಿ ಹುಡುಗ ಹೊರಟಿರುವುದೇ ಫಲಕ್ಕಾಗಿ.

ರಸವಾದ ಎಂದರೇನು? ನಮ್ಮಲ್ಲೂ ಇತ್ತೇ?

ಸೀಸದಂಥ ಕೀಳು ಲೋಹವನ್ನು ಚಿನ್ನವಾಗಿಸುವ, ಮುಪ್ಪು ಸಾವುಗಳನ್ನು ಗೆಲ್ಲುವ ಔಷಧವನ್ನು ಹುಡುಕುವ ಹಳೆಯ ವಿದ್ಯೆ. ನಮ್ಮಲ್ಲಿ ‘ರಸ’ ಎಂದರೆ ಪಾದರಸ. ಅದನ್ನು ಸಂಸ್ಕರಿಸುವ ರಸಶಾಸ್ತ್ರ ಇಂದಿಗೂ ಆಯುರ್ವೇದದ ಒಂದು ಶಾಖೆ. ಕಬ್ಬಿಣವನ್ನು ಮುಟ್ಟಿ ಹೊನ್ನಾಗಿಸುವ ಪರುಷಮಣಿ ನಮ್ಮ ವಚನಗಳಲ್ಲೂ ಗಾದೆಗಳಲ್ಲೂ ಬರುತ್ತದೆ, ಮತ್ತು ಅಲ್ಲಿಯೂ ಅದು ಗುರು ಶಿಷ್ಯನನ್ನು ಬದಲಿಸುವುದಕ್ಕೆ ಉಪಮೆಯಾಗಿಯೇ ಬರುತ್ತದೆ. ತುಮಕೂರು ಜಿಲ್ಲೆಯ ಸಿದ್ಧರಬೆಟ್ಟಕ್ಕೆ ಹೋದವರು ಸಿದ್ಧರ ಮತ್ತು ಗಿಡಮೂಲಿಕೆಗಳ ಕಥೆಗಳನ್ನು ಕೇಳಿಯೇ ಇರುತ್ತಾರೆ.

ಕಾದಂಬರಿಯಲ್ಲಿ ರಸವಾದವನ್ನು ಪುಸ್ತಕಗಳಿಂದಲೇ ಕಲಿಯಲು ಹೊರಟ ಒಬ್ಬ ಇಂಗ್ಲಿಷರವನಿದ್ದಾನೆ. ಮರುಭೂಮಿಯಲ್ಲಿ ಸುತ್ತ ಏನು ನಡೆಯುತ್ತಿದ್ದರೂ ಅವನ ತಲೆ ಹಾಳೆಯಲ್ಲಿ. ಹುಡುಗನ ಕಣ್ಣು ಒಂಟೆಗಳ ಮೇಲೆ, ಮರಳಿನ ಮೇಲೆ. ಒಂದು ಹಂತದಲ್ಲಿ ಇಬ್ಬರೂ ಅದಲುಬದಲಾಗಿ ನೋಡುತ್ತಾರೆ, ಇಬ್ಬರಿಗೂ ಅಷ್ಟಾಗಿ ದಕ್ಕುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಈ ಭಾಗದಲ್ಲಿ ಏಕೆ ನಗುತ್ತಾರೆಂದು ನನಗೆ ಗೊತ್ತು.

ಫಾತಿಮಾ ಕಾಯುತ್ತ ಕೂರುವುದು ಸರಿಯೇ? ಅವಳಿಗೆ ಕನಸಿಲ್ಲವೇ?

ಬಳಗದ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ ಇದೇ. ಪುಸ್ತಕದ ಬಳಿ ಇದಕ್ಕೆ ಒಳ್ಳೆಯ ಉತ್ತರವಿಲ್ಲ. ಗಂಡು ಹೊರಟುಹೋಗುತ್ತಾನೆ, ಮರುಭೂಮಿಯ ಹೆಣ್ಣು ಕಾಯುತ್ತಾಳೆ, ಅವಳ ಧ್ಯೇಯವೇ ಅವನು ಎಂದು ಅವಳ ಬಾಯಲ್ಲೇ ಹೇಳಿಸಲಾಗಿದೆ. ಸಂಕೇತವೆಂದು ಓದಿ ಎಂದು ಸಮರ್ಥಿಸುವವರಿದ್ದಾರೆ. ಹಾಗಾದರೆ ಸಂಕೇತವಾಗುವ ಪಾಳಿ ಯಾವಾಗಲೂ ಹೆಣ್ಣಿಗೇ ಏಕೆ ಎಂದು ನಮ್ಮ ಶಿಕ್ಷಕಿಯೊಬ್ಬರು ಕೇಳಿದ್ದಕ್ಕೆ ಅಂದು ಯಾರೂ ಬಾಯಿಬಿಡಲಿಲ್ಲ. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಕೆಲಸ ಹಿಡಿಯಲೇಬೇಕೆಂದು ಹಟ ತೊಟ್ಟ ಹುಡುಗಿಯರು ಇದನ್ನು ಓದುವಾಗ ತಮ್ಮನ್ನು ಸಾಂಟಿಯಾಗೊ ಎಂದುಕೊಂಡೇ ಓದುತ್ತಾರೆ, ಫಾತಿಮಾ ಎಂದುಕೊಂಡಲ್ಲ. ನನ್ನ ಮಟ್ಟಿಗೆ ಅದೇ ಸರಿಯಾದ ಓದು.

ಕೋಲಾರದಲ್ಲಿ ಕುಳಿತು ಓದುವವರಿಗೆ ಇದರಲ್ಲಿ ವಿಶೇಷವೇನಾದರೂ ಇದೆಯೇ?

ಚಿನ್ನದ ಕಥೆಯನ್ನು ಚಿನ್ನದ ಜಿಲ್ಲೆಯಲ್ಲಿ ಓದುವಾಗ ಒಂದು ಕಹಿ ತಾನಾಗಿಯೇ ಬೆರೆಯುತ್ತದೆ. 1870ರ ದಶಕದಲ್ಲಿ ಮೈಕೆಲ್ ಲವೆಲ್ ಎಂಬ ಐರಿಷ್ ಮೂಲದ ನಿವೃತ್ತ ಸೈನಿಕ, ಹಳೆಯ ಬರಹವೊಂದರಲ್ಲಿ ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆ ಎಂದು ಓದಿ, ಎತ್ತಿನ ಗಾಡಿಯಲ್ಲಿ ಬಂದು ಹುಡುಕಾಡಿ ಮೈಸೂರು ಸರ್ಕಾರದಿಂದ ಅಗೆಯುವ ಹಕ್ಕು ಪಡೆದ. ಸಾಂಟಿಯಾಗೊನಷ್ಟೇ ಹುಚ್ಚಿನ ಮನುಷ್ಯ. ಆದರೆ ಬಂಡವಾಳ ಸಾಲದೆ ಹಕ್ಕನ್ನು ಬೇರೆಯವರಿಗೆ ವಹಿಸಬೇಕಾಯಿತು. 1880ರಲ್ಲಿ ಜಾನ್ ಟೇಲರ್ ಅವರ ಕಂಪನಿ ಬಂದ ಮೇಲೆಯೇ ಗಣಿಗಳು ಫಲಿಸಿದ್ದು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂದು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಅಗೆದರು. 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಿದರು.

ಕಾದಂಬರಿಯಲ್ಲಿ ದೂರ ಹೋದವನು ಮರಳಿ ಬಂದು ತನ್ನ ಕಾಲಡಿಯ ನಿಧಿಯನ್ನು ತಾನೇ ಎತ್ತಿಕೊಳ್ಳುತ್ತಾನೆ. ಇಲ್ಲಿ ದೂರದಿಂದ ಬಂದವರು ನಿಧಿ ಎತ್ತಿಕೊಂಡು ಹೋದರು. ಗಣಿಯೊಳಗೆ ಇಳಿದವರ ಮೊಮ್ಮಕ್ಕಳು ಈಗ ಅದೇ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ, ಕಚೇರಿಗೆ ಹೋಗುತ್ತಾರೆ. ಕಿಟಕಿಯಾಚೆ ಗಣಿಯ ತ್ಯಾಜ್ಯದ ಸಯನೈಡ್ ದಿಬ್ಬಗಳು ಬೂದುಬಣ್ಣದಲ್ಲಿ ಮಲಗಿರುತ್ತವೆ. ಊರಿನಲ್ಲೇ ನಿಧಿ ಇದೆ ಎಂಬ ಮಾತನ್ನು ಗಣಿಯ ಮನೆತನದ ಓದುಗರೊಬ್ಬರಿಗೆ ಹೇಳಿದಾಗ ಅವರು, “ಇತ್ತು ಸಾರ್, ನಮ್ಮ ತಾತನೇ ಕೈಯಾರೆ ತೆಗೆದುಕೊಟ್ಟಿದ್ದಾರೆ” ಎಂದರು.

ಕುರಿಗಳ ಮಾತನ್ನೂ ಹೇಳಬೇಕು. ಬಳಗದಲ್ಲಿ ಕುರಿ ಸಾಕುವ ಮನೆಯಿಂದ ಬಂದ ಒಬ್ಬರಿದ್ದಾರೆ. ಅರವತ್ತು ಕುರಿಗಳಲ್ಲಿ ಆರನ್ನು ಪರಿಚಯವಿಲ್ಲದ ಮುದುಕನ ಮಾತಿಗೆ ಕೊಟ್ಟು, ಉಳಿದದ್ದನ್ನು ಒಂದೇ ದಿನದಲ್ಲಿ ಮಾರಿಬಿಡುವ ಕುರಿಗಾಹಿಯನ್ನು ತಾವು ಕಂಡಿಲ್ಲ ಎಂಬುದು ಅವರ ತಕರಾರು. ರೊಪ್ಪದ ಬಾಗಿಲು ತೆಗೆದಾಗ ಯಾವ ಕುರಿ ಮೊದಲು ಹೊರಬರುತ್ತದೆಂದು ಹೇಳಬಲ್ಲವನಿಗೆ ಅಷ್ಟು ಬೇಗ ಮನಸ್ಸು ಬರುವುದಿಲ್ಲವಂತೆ. ಆದರೆ ಕುರಿಗಳಿಗೆ ಪುಸ್ತಕ ಓದಿ ಹೇಳುವುದು, ಅವುಗಳ ಹೊತ್ತಿಗೆ ತನ್ನ ಹೊತ್ತು ಹೊಂದಿಕೊಂಡದ್ದನ್ನು ಗಮನಿಸುವುದು, ಇವನ್ನು ಲೇಖಕರು ಸರಿಯಾಗಿ ಹಿಡಿದಿದ್ದಾರೆಂದು ಒಪ್ಪುತ್ತಾರೆ.

ಪಿಯುಸಿ ಓದುವ ಮಗ ಇದನ್ನು ಓದಿ ಇಂಜಿನಿಯರಿಂಗ್ ಬೇಡ ಎನ್ನುತ್ತಿದ್ದಾನೆ. ಏನು ಮಾಡಲಿ?

ಪುಸ್ತಕವನ್ನು ಬೈಯುವ ಮುನ್ನ ಅದರ ಮೊದಲ ಕೆಲವು ಪುಟಗಳನ್ನು ನೀವೂ ಓದಿ ಎಂದು ಕೋರುತ್ತೇನೆ. ಸಾಂಟಿಯಾಗೊನ ತಂದೆತಾಯಿ ಅವನನ್ನು ಪಾದ್ರಿಯಾಗಿಸಬೇಕೆಂದು ಹದಿನಾರರವರೆಗೆ ಓದಿಸಿದ್ದರು. ಬಡ ರೈತ ಕುಟುಂಬಕ್ಕೆ ಅದು ಮಾನದ ಮಾತಾಗಿತ್ತು. ಮಗ ಊರೂರು ತಿರುಗಬೇಕು ಎಂದಾಗ ತಂದೆ, ನಮ್ಮಂಥವರಲ್ಲಿ ತಿರುಗುವವರು ಕುರುಬರು ಮಾತ್ರ ಎನ್ನುತ್ತಾನೆ. ಹಾಗಾದರೆ ಕುರಿಗಾಹಿಯಾಗುತ್ತೇನೆ ಎಂದು ಮಗ ಹೇಳಿದ ಮರುದಿನ, ಹಿಂದೆಂದೋ ಹೊಲದಲ್ಲಿ ಸಿಕ್ಕಿದ್ದ ಮೂರು ಚಿನ್ನದ ನಾಣ್ಯಗಳಿದ್ದ ಚೀಲವನ್ನು ಅವನ ಕೈಗಿಟ್ಟು ಹರಸುತ್ತಾನೆ. ಆ ಕಣ್ಣುಗಳಲ್ಲಿ, ತಾನೂ ಹೊರಡಬೇಕೆಂದು ಒಮ್ಮೆ ಬಯಸಿ ಹೂತಿಟ್ಟ ಆಸೆಯನ್ನು ಹುಡುಗ ಕಾಣುತ್ತಾನೆ.

ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ವಾರ ರಾತ್ರಿಯೆಲ್ಲ ಎಚ್ಚರವಿದ್ದು, ಗೂಡು ಮಾರಿದ ಹಣದಲ್ಲಿ ಕಾಲೇಜಿನ ಶುಲ್ಕ ಕಟ್ಟುವ ಮನೆಗಳ ಭಯ ನನಗೆ ಅರ್ಥವಾಗುತ್ತದೆ. ನಾನೂ ಅಂಥ ಮನೆಯವನೇ. ಆದ್ದರಿಂದ ಮಗನನ್ನು ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿ. ಇಂಜಿನಿಯರಿಂಗ್ ಬೇಡವಾದರೆ ಬೇಕಾದದ್ದು ಏನು? ಅದಕ್ಕಾಗಿ ಅವನು ಯಾರ ಅಂಗಡಿಯಲ್ಲಿ ಒಂದು ವರ್ಷ ಗಾಜು ಒರೆಸಲು ತಯಾರಿದ್ದಾನೆ? ಎರಡಕ್ಕೂ ಉತ್ತರವಿದ್ದರೆ ಚೀಲ ಬಿಚ್ಚುವ ಬಗ್ಗೆ ಯೋಚಿಸಿ. ಮೊದಲನೆಯದಕ್ಕೇ ಉತ್ತರ ಇಲ್ಲದಿದ್ದರೆ ಅವನಿಗೆ ಬೇಡವಾಗಿರುವುದು ಪರೀಕ್ಷೆಯಷ್ಟೇ ಇರಬಹುದು.

ಇದನ್ನು ಸಾಹಿತ್ಯ ಎನ್ನಬಹುದೇ?

ಅನೇಕ ವಿಮರ್ಶಕರು ಒಪ್ಪುವುದಿಲ್ಲ, ಅವರ ಆಕ್ಷೇಪಗಳಲ್ಲಿ ಹುರುಳಿದೆ. ಪಾತ್ರಗಳು ಮಾತಾಡುವುದಕ್ಕಿಂತ ಸೂಕ್ತಿ ಹೇಳುವುದೇ ಹೆಚ್ಚು. ಹೇಳಿದ್ದನ್ನೇ ಹೇಳುವ ಕಡೆಗಳು ಹತ್ತಾರು. ಹುಡುಗ ಗಾಳಿಯಾಗುವ ಪ್ರಸಂಗ ನನಗೆ ಮೂರನೆಯ ಓದಿನಲ್ಲೂ ಬೇಸರ ತರಿಸಿತು. 2002ರಲ್ಲಿ ಬ್ರೆಜಿಲಿನ ಸಾಹಿತ್ಯ ಅಕಾಡೆಮಿ ಕೊಯೆಲೊ ಅವರನ್ನು ಸದಸ್ಯರನ್ನಾಗಿ ಆರಿಸಿದರೂ ಈ ವಾದ ತಣಿಯಲಿಲ್ಲ. ಅದೇನೇ ಇದ್ದರೂ, ಇಂಗ್ಲಿಷಿಗೆ ಹೆದರುತ್ತಿದ್ದ ಕನ್ನಡ ಮಾಧ್ಯಮದ ಎಷ್ಟೋ ಮಕ್ಕಳು ನಿಘಂಟಿನ ಹಂಗಿಲ್ಲದೆ ಮುಗಿಸಿದ ಮೊದಲ ಪುಸ್ತಕ ಇದು ಎಂಬುದನ್ನು ನಾನು ಹಗುರವಾಗಿ ಕಾಣಲಾರೆ. ಮಾತು ಸರಳ, ವಾಕ್ಯ ಚಿಕ್ಕದು, ಸುಮಾರು ಇನ್ನೂರು ಪುಟ. ಎರಡು ಸಂಜೆ ಸಾಕು.

ಇದನ್ನು ಓದಿದ ಮೇಲೆ ಏನು ಓದಬೇಕು?

ಇದೇ ಬಗೆಯ ಇನ್ನೊಂದು ಪ್ರೇರಣೆಯ ಪುಸ್ತಕವನ್ನು ಓದಬೇಡಿ, ಉಪ್ಪಿನಕಾಯಿಯನ್ನೇ ಊಟ ಮಾಡಿದಂತಾಗುತ್ತದೆ. ಕಥೆಯನ್ನು ತಣ್ಣನೆಯ ದನಿಯಲ್ಲಿ ಹೇಳಿ, ಓದುಗರ ಮನಸ್ಸಿನಲ್ಲಿ ನಿಲ್ಲಿಸುವ ವಿದ್ಯೆ ಹಿಡಿಸಿದ್ದರೆ ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ ಸಣ್ಣ ಕಥೆಗಳಿವೆ. ಬಾಳಿನ ಬಗ್ಗೆ ನೇರ ಮಾತುಗಳೇ ಬೇಕೆಂದರೆ ಮುಳಬಾಗಿಲಿನ ಡಿ.ವಿ.ಜಿ. ಅವರ ಕಗ್ಗವಿದೆ, ಅದು ವಿಶ್ವ ನಿಮ್ಮ ನೆರವಿಗೆ ಬಂದೇ ಬರುತ್ತದೆ ಎಂಬ ಭರವಸೆಯನ್ನು ಅಷ್ಟು ಸುಲಭವಾಗಿ ಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಯಾವ ಪ್ರತಿಯನ್ನು ಕೊಳ್ಳಬೇಕು?

ಕನ್ನಡ ಅನುವಾದವೂ ದೊರೆಯುತ್ತದೆ. ಮನೆಯ ಹಿರಿಯರಿಗೆ ಅದನ್ನು ಕೊಡಿ, ವಿಶೇಷವಾಗಿ ಅಂಗಡಿ ಇಟ್ಟುಕೊಂಡಿರುವವರಿಗೆ. ಇಂಗ್ಲಿಷಿನಲ್ಲಿ ಓದುವವರು ಗ್ರಂಥಾಲಯದಿಂದ ತರಬಹುದು ಅಥವಾ ಪುಸ್ತಕದಂಗಡಿಯಲ್ಲಿ ಕೊಳ್ಳಬಹುದು. ತಮ್ಮ ಪುಸ್ತಕಗಳನ್ನು ಜನ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಹಂಚಿಕೊಂಡರೂ ಲೇಖಕರು ಬೇಡವೆಂದವರಲ್ಲ, ಅದರಿಂದ ಮಾರಾಟ ಹೆಚ್ಚಿತೆಂದೇ ಹೇಳಿಕೊಂಡವರು. ಆದರೂ ಪಾದಚಾರಿ ದಾರಿಯ ನಕಲಿ ಪ್ರತಿಯನ್ನು ಕೊಳ್ಳುವುದೇ ಆದರೆ, ಹಣ ಕೊಡುವ ಮೊದಲು ಕೊನೆಯ ಹಾಳೆಗಳನ್ನು ತಿರುವಿ ನೋಡಿ. ಹುಡುಗ ಪಾಳು ಚರ್ಚಿನ ಮರದ ಬುಡದಲ್ಲಿ ಗುದ್ದಲಿ ಹಿಡಿದು ನಿಂತಿದ್ದರೆ ಪ್ರತಿ ಸರಿಯಾಗಿದೆ. ಪಿರಮಿಡ್ಡಿನ ಬಳಿ ಏಟು ತಿಂದು ಬಿದ್ದಿದ್ದರೆ, ಇನ್ನೊಂದನ್ನು ಕೇಳಿ ಪಡೆಯಿರಿ.